ಹಳೇ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಅಪ್‌ಗ್ರೇಡ್: ಸರ್ವರ್ ಬೀಳದ ಹಾಗೆ ಮಾಡೋದು ಹೇಗೆ

ದಾವಣಗೆರೆಯಂಥ ಊರಲ್ಲಿ ಸರ್ವರ್ ಅಂದರೆ ಬಹುತೇಕ ಒಂದೇ ಒಂದು ಡಬ್ಬ. ಎಪಿಎಂಸಿ ದಲ್ಲಾಳಿ ಅಂಗಡಿಯ ಹಿಂದಿನ ರೂಮಿನಲ್ಲೋ, ಅಕ್ಕಿ ಗಿರಣಿಯ ಆಫೀಸಿನಲ್ಲೋ, ಸೊಸೈಟಿಯ ಕೌಂಟರ್ ಕೆಳಗೋ, ಕಾಲೇಜಿನ ಲ್ಯಾಬ್ ಮೂಲೆಯಲ್ಲೋ ಸದ್ದಿಲ್ಲದೆ ಓಡುತ್ತಿರುತ್ತದೆ. ಯಾರೋ ಎಷ್ಟೋ ವರ್ಷದ ಹಿಂದೆ ಸೆಂಟ್‌ಒಎಸ್ 7 ಅಥವಾ ಉಬುಂಟು 16.04 ಅನ್ನೋ ಲಿನಕ್ಸ್ ಹಾಕಿ ಹೋಗಿರುತ್ತಾರೆ. ಬಿಲ್ಲಿಂಗ್ ನಡೆಯುತ್ತಿದೆ, ಪ್ರಿಂಟ್ ಬರುತ್ತಿದೆ, ಹಾಗಾಗಿ ಯಾರೂ ಮುಟ್ಟುವುದಿಲ್ಲ. ಒಂದು ದಿನ ಆಡಿಟ್‌ನವರಿಂದ ಸ್ಕ್ಯಾನ್ ರಿಪೋರ್ಟ್ ಬರುತ್ತದೆ: ಓಪನ್‌ಎಸ್‌ಎಸ್‌ಎಲ್ (ನೆಟ್‌ನಲ್ಲಿ ಹೋಗಿಬರೋ ಮಾಹಿತಿಯನ್ನು ಗುಟ್ಟಾಗಿಡೋ ಸಾಫ್ಟ್‌ವೇರ್) ಹಳೆಯದು, ಕೂಡಲೇ ಅಪ್‌ಗ್ರೇಡ್ ಮಾಡಿ. ಸಾಹುಕಾರರು ಫೋನ್ ಮಾಡಿ, "ಅದೇನೋ ಹಳೇದಂತಲ್ಲಪ್ಪ, ಹೊಸದು ಹಾಕಿಬಿಡು, ಸಂಜೆಯೊಳಗೆ ಆಗಬೇಕು" ಅನ್ನುತ್ತಾರೆ.

ಈ "ಹೊಸದು ಹಾಕಿಬಿಡು" ಅನ್ನೋದರಲ್ಲೇ ಅಪಾಯ ಇರೋದು. ನೆಟ್‌ನಲ್ಲಿ ಹುಡುಕಿದರೆ ವಿಧಾನ ಸುಲಭವಾಗಿ ಸಿಗುತ್ತದೆ. ಇತ್ತೀಚಿನ ಸೋರ್ಸ್ ಇಳಿಸಿಕೊಳ್ಳಿ, ಕಂಪೈಲ್ ಮಾಡಿ, ಸಿಸ್ಟಮ್‌ನಲ್ಲಿರೋ ಹಳೇ ಫೈಲ್ ಕಿತ್ತು ಅದೇ ಜಾಗಕ್ಕೆ ಹೊಸದನ್ನು ಕೂರಿಸಿ. ವರ್ಷನ್ ಕೇಳಿದರೆ ಹೊಸ ನಂಬರ್ ತೋರಿಸುತ್ತದೆ, ಕೆಲಸ ಆಯ್ತು ಅನ್ನಿಸುತ್ತದೆ. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗೋಕೆ ಹೋದಾಗ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗೋ ದಾರಿ) ಬರುವುದಿಲ್ಲ, ಮರುದಿನ ಬೆಳಿಗ್ಗೆ ಗುಮಾಸ್ತರು ಬಿಲ್ ಹಾಕೋಕೆ ಕೂತಾಗ ಅದೂ ಬರುವುದಿಲ್ಲ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟು: ಹಳೇ ಸಿಸ್ಟಮ್‌ನ ಲೈಬ್ರರಿಯನ್ನು ಕಿತ್ತು ಬದಲಿಸಬೇಡಿ. ಡಿಸ್ಟ್ರೋದವರು, ಅಂದರೆ ಸೆಂಟ್‌ಒಎಸ್, ಉಬುಂಟುನಂಥ ಲಿನಕ್ಸ್ ಕೊಡೋರು, ಕೊಟ್ಟ ಪ್ಯಾಚ್ ಹಾಕಿ. ಅದು ಸಾಲದಿದ್ದರೆ ಹೊಸದನ್ನು ಪಕ್ಕದಲ್ಲಿ ಇಡಿ, ಹಳೆಯದು ಇದ್ದಲ್ಲೇ ಇರಲಿ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಓಪನ್‌ಎಸ್‌ಎಸ್‌ಎಲ್ ಅಂದರೆ ನಾವು ಟೈಪ್ ಮಾಡುವ ಒಂದು ಕಮಾಂಡ್ ಮಾತ್ರ ಅಲ್ಲ. ನಿಜವಾದ ಕೆಲಸ ಮಾಡೋದು ಎರಡು ಲೈಬ್ರರಿ ಫೈಲುಗಳು, ಲಿಬ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಕ್ರಿಪ್ಟೋ. ಓಣಿಗೆಲ್ಲ ಒಂದೇ ಟ್ಯಾಂಕಿನಿಂದ ನಲ್ಲಿ ಎಳೆದ ಹಾಗೆ, ಸಿಸ್ಟಮ್‌ನ ಹತ್ತಾರು ಪ್ರೋಗ್ರಾಮುಗಳು ಇವೆರಡನ್ನೇ ಬಳಸುತ್ತವೆ. ಎಸ್‌ಎಸ್‌ಎಚ್ ಸರ್ವರ್, ಅಪಾಚೆ, ಎನ್‌ಜಿನ್‌ಎಕ್ಸ್, ಪಿಎಚ್‌ಪಿ, ಪೈಥಾನ್, ಪೋಸ್ಟ್‌ಗ್ರೆಸ್, ಮೇಲ್ ಕಳಿಸೋ ಪೋಸ್ಟ್‌ಫಿಕ್ಸ್, ಎಲ್ಲವೂ. ಸೆಂಟ್‌ಒಎಸ್ 7ರಲ್ಲಿ ಪ್ಯಾಕೇಜ್ ಹಾಕೋ ಯಮ್ ಕೂಡ ಪೈಥಾನ್, ಲಿಬ್‌ಕರ್ಲ್ ಮೂಲಕ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಅಂದರೆ ಈ ಫೈಲ್ ಕೆಟ್ಟರೆ, ಅದನ್ನು ಸರಿ ಮಾಡೋಕೆ ಬೇಕಾದ ಯಮ್ಮೂ ಅದರ ಜೊತೆಗೇ ಕೆಡುತ್ತದೆ.

ಈ ಫೈಲುಗಳ ಹೆಸರಿನ ಕೊನೆಗೆ ಒಂದು ನಂಬರ್ ಇರುತ್ತದೆ. ಸೆಂಟ್‌ಒಎಸ್ 7ರಲ್ಲಿ 10, ಉಬುಂಟು 16.04ರಲ್ಲಿ 1.0.0, ಓಪನ್‌ಎಸ್‌ಎಸ್‌ಎಲ್ 1.1 ಸಾಲಿನಲ್ಲಿ 1.1, ಮೂರನೇ ಸಾಲಿನಲ್ಲಿ ಬರೀ 3. ಇದಕ್ಕೆ ಸೋನೇಮ್ ಅನ್ನುತ್ತಾರೆ. ಪ್ರೋಗ್ರಾಮ್ ಕಂಪೈಲ್ ಆಗುವಾಗಲೇ ತನಗೆ ಯಾವ ನಂಬರಿನ ಲೈಬ್ರರಿ ಬೇಕು ಅಂತ ತನ್ನೊಳಗೆ ಬರೆದುಕೊಂಡಿರುತ್ತದೆ. ನಂಬರ್ ಬದಲಾಗಿದೆ ಅಂದರೆ ಒಳಗಿನ ವ್ಯವಸ್ಥೆಯೇ ಬದಲಾಗಿದೆ ಅಂತ ಅರ್ಥ. 1.0.2ರಿಂದ 1.1.0ಕ್ಕೆ ಬರುವಾಗ ಎಷ್ಟೋ ಸ್ಟ್ರಕ್ಚರ್‌ಗಳನ್ನು ಹೊರಗಿನ ಪ್ರೋಗ್ರಾಮುಗಳು ನೇರವಾಗಿ ಮುಟ್ಟದಂತೆ ಮುಚ್ಚಿಟ್ಟರು, ಎಷ್ಟೋ ಫಂಕ್ಷನ್‌ಗಳನ್ನು ತೆಗೆದರು. ಹಾಗಿರುವಾಗ ಹೊಸ ಫೈಲಿಗೆ ಹಳೇ ಹೆಸರಿನ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈ ತೋರಿಸೋ ಹೆಸರು) ಕೊಟ್ಟರೆ ಹೆಸರು ಹೊಂದುತ್ತದೆ, ಒಳಗಿನದು ಹೊಂದುವುದಿಲ್ಲ. ಎಸ್‌ಎಸ್‌ಎಚ್ ಸರ್ವರ್ ಅಂತೂ ಶುರುವಾಗುವಾಗಲೇ ವರ್ಷನ್ ತಾಳೆ ನೋಡುತ್ತದೆ. ಹೊಂದದಿದ್ದರೆ 'ಓಪನ್‌ಎಸ್‌ಎಸ್‌ಎಲ್ ವರ್ಷನ್ ಮಿಸ್‌ಮ್ಯಾಚ್' ಅಂತ ಹೇಳಿ ನಿಂತುಬಿಡುತ್ತದೆ. ಸರ್ವರ್ ಇರೋದು ಹೊನ್ನಾಳಿಯಲ್ಲಿ, ನೀವಿರೋದು ದಾವಣಗೆರೆಯಲ್ಲಿ ಅಂತಾದರೆ ಆಗ ಬೈಕ್ ತೆಗೆಯಲೇಬೇಕು.

ಈಗ ಆ ಸ್ಕ್ಯಾನ್ ರಿಪೋರ್ಟ್ ವಿಷಯಕ್ಕೆ ಬರೋಣ. ಎಷ್ಟೋ ಸ್ಕ್ಯಾನರ್‌ಗಳು ನೋಡೋದು ಹೊರಗೆ ಕಾಣೋ ವರ್ಷನ್ ನಂಬರನ್ನಷ್ಟೇ. ಆ ನಂಬರ್ ನೋಡಿ ಸಿಸ್ಟಮ್ ಸುರಕ್ಷಿತವೋ ಅಲ್ಲವೋ ಅಂತ ಹೇಳೋಕೆ ಆಗುವುದಿಲ್ಲ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಅನ್ನೋ ದೋಷ ಹೊರಗೆ ಬಂತು. ಸರ್ವರ್‌ನ ಮೆಮೊರಿಯಲ್ಲಿರೋದನ್ನು, ಪಾಸ್‌ವರ್ಡ್, ಪ್ರೈವೇಟ್ ಕೀ ಸಮೇತ, ದೂರದಲ್ಲಿ ಕೂತವರು ತುಂಡು ತುಂಡಾಗಿ ಓದಿಕೊಳ್ಳಬಹುದಾದ ದೋಷ ಅದು. 1.0.1ರಿಂದ 1.0.1ಎಫ್‌ವರೆಗಿನ ವರ್ಷನ್‌ಗಳಲ್ಲಿ ಇತ್ತು, 1.0.1ಜಿಯಲ್ಲಿ ಸರಿಪಡಿಸಿದರು. ಆದರೆ ಸೆಂಟ್‌ಒಎಸ್ 6ರವರು 1.0.1ಜಿ ಕೊಡಲೇ ಇಲ್ಲ. ತಮ್ಮ 1.0.1ಇ ಇಟ್ಟುಕೊಂಡೇ, ಆ ದೋಷ ಮುಚ್ಚೋ ಕೆಲವು ಸಾಲು ಕೋಡನ್ನು ಮಾತ್ರ ಅದಕ್ಕೆ ಸೇರಿಸಿ ಹೊಸ ಪ್ಯಾಕೇಜ್ ಬಿಟ್ಟರು. ಬದಲಾಗಿದ್ದು ಡ್ಯಾಶ್ ಆದ ಮೇಲಿನ ನಂಬರ್ ಮಾತ್ರ, 16.ಇಎಲ್6_5.7 ಅಂತ. ಕಮಾಂಡ್‌ನಲ್ಲಿ ವರ್ಷನ್ ಕೇಳಿದರೆ ಆಗಲೂ 1.0.1ಇ ಅಂತಲೇ ಬರುತ್ತಿತ್ತು, ದೋಷ ಮಾತ್ರ ಇರಲಿಲ್ಲ. ಇದನ್ನು ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಎಲ್ಲರೂ ಮಾಡೋದು ಹೀಗೆಯೇ, ಯಾಕಂದರೆ ಸೋನೇಮ್ ಬದಲಾಗಬಾರದು, ಮೇಲೆ ಕೂತಿರೋ ಪ್ರೋಗ್ರಾಮುಗಳಿಗೆ ಗೊತ್ತೇ ಆಗದ ಹಾಗೆ ಕೆಳಗೆ ರಿಪೇರಿ ಆಗಬೇಕು.

ಆದ್ದರಿಂದ ಮೊದಲು ಮಾಡಬೇಕಾದ್ದು ಪ್ಯಾಕೇಜಿನ ಚೇಂಜ್‌ಲಾಗ್, ಅಂದರೆ ಏನೇನು ಬದಲಾಯಿಸಿದೆ ಅನ್ನೋ ಪಟ್ಟಿ, ಓದೋದು. ಸೆಂಟ್‌ಒಎಸ್‌ನಲ್ಲಿ ಆರ್‌ಪಿಎಂ ಕಮಾಂಡಿಗೆ ಚೇಂಜ್‌ಲಾಗ್ ಆಪ್ಷನ್ ಕೊಟ್ಟು, ಬಂದದ್ದರಲ್ಲಿ ಸಿವಿಇ (ಒಂದೊಂದು ಭದ್ರತಾ ದೋಷಕ್ಕೂ ಕೊಡೋ ಗುರುತಿನ ನಂಬರ್) ಅನ್ನೋ ಪದ ಇರೋ ಸಾಲುಗಳನ್ನು ಗ್ರೆಪ್‌ನಿಂದ ಸೋಸಿಕೊಳ್ಳಿ. ಉದ್ದನೆಯ ಪಟ್ಟಿ ಬರುತ್ತದೆ. ಯಾವ ತಾರೀಖು, ಯಾವ ಸಿವಿಇ ಸರಿಪಡಿಸಿದೆ ಅಂತ ಒಂದೊಂದು ಸಾಲು. ಉಬುಂಟು, ಡೆಬಿಯನ್‌ನಲ್ಲಿ ಎಪಿಟಿಯ ಚೇಂಜ್‌ಲಾಗ್ ಕಮಾಂಡ್ ಇದೇ ಕೆಲಸ ಮಾಡುತ್ತದೆ. ರಿಪೋರ್ಟ್‌ನಲ್ಲಿರೋ ಪ್ರತಿ ಸಿವಿಇ ನಂಬರನ್ನು ಈ ಪಟ್ಟಿಯಲ್ಲಿ ಹುಡುಕಿ. ಸಿಕ್ಕಿದರೆ ಆ ಸಾಲನ್ನೇ, ಪ್ಯಾಕೇಜಿನ ಪೂರ್ತಿ ನಂಬರ್ ಸಮೇತ, ಆಡಿಟ್‌ನವರಿಗೆ ಬರೆದು ಕಳಿಸಿ. ತಿಳಿದವರಾದರೆ ಒಪ್ಪುತ್ತಾರೆ. ಸಿಗದೇ ಇರೋದು ಎಷ್ಟಿದೆಯೋ ಅಷ್ಟೇ ನಿಮ್ಮ ನಿಜವಾದ ಕೆಲಸ.

ಹೊಸ ವರ್ಷನ್ ಅಂದರೆ ಯಾವಾಗಲೂ ಜಾಸ್ತಿ ಸುರಕ್ಷಿತ ಅನ್ನೋದೂ ನಿಜ ಅಲ್ಲ. 2022ರ ನವೆಂಬರ್ 1ರಂದು ಎಲ್ಲರೂ ಗಡಿಬಿಡಿಯಿಂದ ಪ್ಯಾಚ್ ಮಾಡಿದ ದೋಷ ಇದ್ದದ್ದು 3.0.0ರಿಂದ 3.0.6ರವರೆಗೆ ಮಾತ್ರ. 1.0.2, 1.1.1 ಇದ್ದವರಿಗೆ ಅದು ತಟ್ಟಲೇ ಇಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ಸಿವಿಇ-2022-0778 ಮಾತ್ರ ಹಳೆಯದು ಹೊಸದು ಅನ್ನದೆ ಎಲ್ಲ ಸಾಲುಗಳಲ್ಲೂ ಇತ್ತು. ಒಂದು ಕೆಟ್ಟ ಸರ್ಟಿಫಿಕೇಟ್ ಕೊಟ್ಟರೆ ಸಾಕು, ಲೈಬ್ರರಿ ಮುಗಿಯದ ಲೂಪ್‌ನಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಪ್ಯಾಚ್ ಕೊಡೋರು ಇನ್ನೂ ಇದ್ದಾರಾ ಅನ್ನೋದು ಮುಂದಿನ ಪ್ರಶ್ನೆ. ಸೆಂಟ್‌ಒಎಸ್ 6ರ ಬೆಂಬಲ 2020ರ ನವೆಂಬರ್ 30ಕ್ಕೆ ಮುಗಿಯಿತು. ಸೆಂಟ್‌ಒಎಸ್ 7ರದ್ದು 2024ರ ಜೂನ್ 30ಕ್ಕೆ. ಅದಾದ ಮೇಲೆ ಪ್ಯಾಕೇಜ್ ಇಳಿಸಿಕೊಳ್ಳೋ ಮಾಮೂಲಿ ಮಿರರ್ ಸರ್ವರ್‌ಗಳೂ ನಿಂತವು, ಅದಕ್ಕೇ ಈಗ ಯಮ್ ಅಪ್‌ಡೇಟ್ ಕೊಟ್ಟರೆ ಮಿರರ್‌ಲಿಸ್ಟ್ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ಪ್ಯಾಕೇಜುಗಳು ಅಳಿದುಹೋಗಿಲ್ಲ, ಸೆಂಟ್‌ಒಎಸ್‌ನ ವಾಲ್ಟ್ ಅನ್ನೋ ಸಂಗ್ರಹಕ್ಕೆ ಸೇರಿವೆ. ರೆಪೋ ಫೈಲಿನಲ್ಲಿ ಮಿರರ್‌ಲಿಸ್ಟ್ ಸಾಲನ್ನು ಮುಂದೆ # ಹಾಕಿ ಮುಚ್ಚಿ, ಬೇಸ್‌ಯುಆರ್‌ಎಲ್ ಸಾಲಿಗೆ ವಾಲ್ಟ್ ವಿಳಾಸ ಕೊಟ್ಟರೆ ಸಿಗುತ್ತವೆ. ಎಷ್ಟೋ ಡಬ್ಬಗಳು ಹಾಕಿದ ದಿನದಿಂದ ಒಮ್ಮೆಯೂ ಅಪ್‌ಡೇಟ್ ಕಂಡಿರುವುದಿಲ್ಲ, 1.0.2ಕೆ-8ರಲ್ಲೋ 12ರಲ್ಲೋ ಕೂತಿರುತ್ತವೆ. ಅಂಥವನ್ನು ವಾಲ್ಟ್‌ನಲ್ಲಿರೋ ಕೊನೆಯ ಪ್ಯಾಚ್‌ಗೆ ತಂದರೂ ವರ್ಷಗಟ್ಟಲೆ ಬಾಕಿ ಇದ್ದ ದೋಷಗಳು ಒಂದೇ ಸಲಕ್ಕೆ ಮುಚ್ಚಿಹೋಗುತ್ತವೆ. ಬೇರೆ ಏನು ಮಾಡುವ ಯೋಚನೆ ಇದ್ದರೂ ಮೊದಲು ಇದನ್ನು ಮಾಡಿ. ಉಬುಂಟು ಆದರೆ ಇನ್ನೂ ಒಳ್ಳೆಯದು. 16.04, 18.04ರಂಥ ಎಲ್‌ಟಿಎಸ್‌ಗಳಿಗೆ (ದೀರ್ಘ ಬೆಂಬಲದ ಆವೃತ್ತಿಗಳಿಗೆ) ಮಾಮೂಲಿ ಐದು ವರ್ಷ ಮುಗಿದ ಮೇಲೆ ಇಎಸ್‌ಎಂ ಅಂತ ಇನ್ನೂ ಐದು ವರ್ಷ ಪ್ಯಾಚ್ ಸಿಗುತ್ತದೆ, 16.04ಕ್ಕಾದರೆ ಅದು 2026ರ ಏಪ್ರಿಲ್‌ವರೆಗೆ. ಉಬುಂಟು ಪ್ರೋ ಖಾತೆ ಮಾಡಿಕೊಂಡರೆ 5 ಮಷಿನ್‌ವರೆಗೆ ಉಚಿತ.

ಇನ್ನು ಕೈ ಹಾಕೋ ಮುಂಚಿನ ತಯಾರಿ. ಇದಕ್ಕೆ ಹಿಡಿಯೋ ಹೊತ್ತು ಅಪ್‌ಗ್ರೇಡ್‌ಗಿಂತ ಜಾಸ್ತಿ, ಹಿಡಿಯಲೂ ಬೇಕು. ವರ್ಚುವಲ್ ಮಷಿನ್ ಆದರೆ ಸ್ನ್ಯಾಪ್‌ಶಾಟ್ ತೆಗೆಯಿರಿ. ನಿಜವಾದ ಮಷಿನ್ ಆದರೆ ಡೇಟಾಬೇಸ್ ಡಂಪ್, ಸೆಟ್ಟಿಂಗ್‌ಗಳಿರೋ ಇಟಿಸಿ ಡೈರೆಕ್ಟರಿ, ಈಗಿರೋ ಪ್ಯಾಕೇಜುಗಳ ಪಟ್ಟಿ, ಈಗಿರೋ ಓಪನ್‌ಎಸ್‌ಎಸ್‌ಎಲ್ ಆರ್‌ಪಿಎಂ ಫೈಲುಗಳು, ಇಷ್ಟನ್ನೂ ಬೇರೆ ಡಿಸ್ಕಿಗೆ ಹಾಕಿ. ಮೆಕ್ಕೆಜೋಳದ ಸೀಜನ್‌ನಲ್ಲಿ ಯಾರ್ಡ್ ತುಂಬಿರುವಾಗ ಇದನ್ನು ಹಚ್ಚಿಕೊಳ್ಳಬೇಡಿ. ವಹಿವಾಟು ಮುಗಿದ ಮೇಲೆ, ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತದೆ ನೋಡಿಕೊಂಡು ಕೂರಿ. ಪ್ಯಾಕೇಜ್ ಅರ್ಧ ಬಿಚ್ಚಿದಾಗ ಕರೆಂಟ್ ಹೋದರೆ ಬರೋ ತಲೆನೋವು ಬೇರೆಯದೇ.

ಎಸ್‌ಎಸ್‌ಎಚ್ ಮೇಲೆ ಮಾಡುವುದಾದರೆ ಎರಡು ಸೆಷನ್ ತೆರೆದಿಡಿ, ಎರಡರಲ್ಲೂ ರೂಟ್ ಆಗಿಯೇ ಇರಿ. ಒಂದರಲ್ಲಿ ಕೆಲಸ, ಇನ್ನೊಂದನ್ನು ಮುಟ್ಟಬೇಡಿ. ಆಗಲೇ ತೆರೆದಿರೋ ಸೆಷನ್ ಹಳೇ ಲೈಬ್ರರಿಯನ್ನು ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ, ಹಾಗಾಗಿ ಡಿಸ್ಕಿನಿಂದ ಆ ಫೈಲ್ ತೆಗೆದರೂ ಅದು ಬದುಕಿರುತ್ತದೆ. ಕಾಪಿ ಮಾಡೋ, ಹೆಸರು ಬದಲಿಸೋ, ಲಿಂಕ್ ಹಾಕೋ ಸಣ್ಣ ಕಮಾಂಡುಗಳಿಗೆ ಲಿಬ್‌ಕ್ರಿಪ್ಟೋ ಬೇಕಾಗಿಲ್ಲ. ಅಂದರೆ ಎಸ್‌ಎಸ್‌ಎಚ್, ಯಮ್ ಎರಡೂ ಕೈಕೊಟ್ಟರೂ, ಒಂದು ರೂಟ್ ಸೆಷನ್ ತೆರೆದಿದ್ದರೆ ಮೊದಲೇ ತೆಗೆದಿಟ್ಟ ಹಳೇ ಲೈಬ್ರರಿ ಫೈಲನ್ನು ವಾಪಸ್ ಜಾಗಕ್ಕೆ ಇಟ್ಟು ಪಾರಾಗಬಹುದು. ಕೆಲಸ ನಡೆಯೋ ಸೆಷನ್‌ನಲ್ಲಿ ಸ್ಕ್ರೀನ್ ಅಥವಾ ಟೀಮಕ್ಸ್ ಹಾಕಿಕೊಂಡರೆ ನೆಟ್ ಕಡಿದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದಿಲ್ಲ. ದೂರದ ಸರ್ವರ್ ಆದರೆ ಇನ್ನೊಂದು ದಾರಿಯನ್ನೂ ಇಟ್ಟುಕೊಳ್ಳಿ. ಡ್ರಾಪ್‌ಬೇರ್ ಅನ್ನೋ ಪುಟ್ಟ ಎಸ್‌ಎಸ್‌ಎಚ್ ಸರ್ವರ್ ತನ್ನದೇ ಕ್ರಿಪ್ಟೋ ಕೋಡ್ ಇಟ್ಟುಕೊಂಡಿರುತ್ತದೆ, ಓಪನ್‌ಎಸ್‌ಎಸ್‌ಎಲ್ ಬಳಸುವುದಿಲ್ಲ. ಅದನ್ನು ಬೇರೆ ಪೋರ್ಟ್‌ನಲ್ಲಿ, ನಿಮ್ಮ ಐಪಿಗೆ ಮಾತ್ರ ಬಿಟ್ಟು, ಕೆಲಸ ಮುಗಿಯೋತನಕ ಓಡಿಸಿ.

ಅಪ್‌ಗ್ರೇಡ್ ಮಾಡೋದು ಸುಲಭ. ಸೆಂಟ್‌ಒಎಸ್‌ನಲ್ಲಿ ಯಮ್‌ಗೆ ಓಪನ್‌ಎಸ್‌ಎಸ್‌ಎಲ್ ಮತ್ತು ಓಪನ್‌ಎಸ್‌ಎಸ್‌ಎಲ್-ಲಿಬ್ಸ್ ಅಂತ ಹೆಸರು ಹಿಡಿದೇ ಹೇಳಿ. ಉಬುಂಟುನಲ್ಲಿ ಎಪಿಟಿಗೆ 'ಓನ್ಲಿ ಅಪ್‌ಗ್ರೇಡ್' ಆಪ್ಷನ್ ಕೊಟ್ಟು ಲಿಬ್‌ಎಸ್‌ಎಸ್‌ಎಲ್ ಪ್ಯಾಕೇಜಿನ ಹೆಸರು ಕೊಡಿ, ಅದಕ್ಕೂ ಮುಂಚೆ ಸಿಮ್ಯುಲೇಟ್ ಆಪ್ಷನ್‌ನಲ್ಲಿ ಒಮ್ಮೆ ಸುಮ್ನೆ ಓಡಿಸಿ ನೋಡಿ. ಒಪ್ಪಿಗೆ ಕೇಳೋ ಪಟ್ಟಿಯನ್ನು ಪೂರ್ತಿ ಓದಿ. ಏನನ್ನಾದರೂ ತೆಗೆಯುತ್ತೇನೆ ಅಂತ ಅದು ಹೇಳಿದರೆ ಬೇಡ ಅನ್ನಿ, ಯಾಕೆ ಅಂತ ಗೊತ್ತಾಗೋವರೆಗೂ ಮುಂದೆ ಹೋಗಬೇಡಿ. ಪ್ಯಾಕೇಜ್ ಸಿಗ್ನೇಚರ್ ತಾಳೆಯಾಗದಿದ್ದರೆ ಆ ಪರೀಕ್ಷೆಯನ್ನೇ ಆಫ್ ಮಾಡಿ ಹಾಕೋ ಸಲಹೆ ಕಾಣಿಸುತ್ತದೆ, ಅದನ್ನಂತೂ ಕೇಳಲೇಬೇಡಿ. ಸೆಕ್ಯುರಿಟಿ ಲೈಬ್ರರಿಯನ್ನು ಎಲ್ಲಿಂದ ಬಂತೋ ಗೊತ್ತಿಲ್ಲದ ಪ್ಯಾಕೇಜಿನಿಂದ ಹಾಕಿದರೆ ಏನು ಪ್ರಯೋಜನ, ಅಲ್ವಾ?

ತುಂಬಾ ಜನ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಡಿಸ್ಕಿನ ಮೇಲೆ ಹೊಸ ಫೈಲ್ ಬಂದಿದೆ, ಆದರೆ ನಿನ್ನೆಯಿಂದ ಓಡುತ್ತಿರೋ ಅಪಾಚೆ, ಪೋಸ್ಟ್‌ಗ್ರೆಸ್ ಎಲ್ಲ ಹಳೇ ಲೈಬ್ರರಿಯನ್ನೇ ಮೆಮೊರಿಯಲ್ಲಿಟ್ಟುಕೊಂಡು ಓಡುತ್ತಿವೆ. ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೂ ಅದನ್ನು ಬಳಸುತ್ತಿರೋ ಪ್ರೋಗ್ರಾಮ್ ಬಿಡೋವರೆಗೂ ಅದು ಇದ್ದೇ ಇರುತ್ತದೆ. ಯಾವ ಪ್ರೋಗ್ರಾಮ್ ಯಾವ ಫೈಲ್ ತೆರೆದಿಟ್ಟಿದೆ ಅಂತ ತೋರಿಸೋ ಎಲ್‌ಎಸ್‌ಒಎಫ್ ಕಮಾಂಡ್ ಓಡಿಸಿ ಲಿಬ್‌ಎಸ್‌ಎಸ್‌ಎಲ್, ಲಿಬ್‌ಕ್ರಿಪ್ಟೋ ಸಾಲುಗಳನ್ನು ಹುಡುಕಿ. ಅಪಾಚೆಯ ಪ್ರೋಸೆಸ್ ನಂಬರ್, ಅದರ ಪಕ್ಕ ಡಿಇಎಲ್ ಅನ್ನೋ ಗುರುತು, ಆಮೇಲೆ ಹಳೇ ಲೈಬ್ರರಿಯ ಹೆಸರು ಹೀಗೆ ಸಾಲು ಬಂದರೆ, ಆ ಪ್ರೋಸೆಸ್ ಇನ್ನೂ ದೋಷ ಇರೋ ಕೋಡನ್ನೇ ಓಡಿಸುತ್ತಿದೆ ಅಂತ ಅರ್ಥ. ಸೆಂಟ್‌ಒಎಸ್‌ನ ಯಮ್-ಯುಟಿಲ್ಸ್‌ನಲ್ಲಿ ನೀಡ್ಸ್-ರಿಸ್ಟಾರ್ಟಿಂಗ್, ಉಬುಂಟುನಲ್ಲಿ ನೀಡ್‌ರಿಸ್ಟಾರ್ಟ್ ಇದೇ ಪಟ್ಟಿಯನ್ನು ಸಲೀಸಾಗಿ ಕೊಡುತ್ತವೆ. ಒಂದೊಂದಾಗಿ ರಿಸ್ಟಾರ್ಟ್ ಮಾಡಿ, ಒಂದೊಂದನ್ನೂ ಪರೀಕ್ಷೆ ಮಾಡಿ. ಎಸ್‌ಎಸ್‌ಎಚ್ ಸರ್ವರ್ ರಿಸ್ಟಾರ್ಟ್ ಮಾಡೋ ಮುಂಚೆ ಅದರ ಟೆಸ್ಟ್ ಆಪ್ಷನ್ ಓಡಿಸಿ, ರಿಸ್ಟಾರ್ಟ್ ಆದ ಮೇಲೆ ಮೂರನೇ ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಅದು ಆಗುವವರೆಗೆ ಹಳೇ ಎರಡು ಸೆಷನ್ ಮುಚ್ಚಬೇಡಿ. ಸಾಧ್ಯವಾದರೆ ಕೊನೆಗೆ ಪೂರ್ತಿ ರೀಬೂಟ್ ಮಾಡಿ. ಎದ್ದೇಳುತ್ತದೋ ಇಲ್ಲವೋ ಅನ್ನೋದು ನೀವು ಎದುರಿಗಿರುವಾಗಲೇ ಗೊತ್ತಾಗಲಿ. ಏನಾದರೂ ಕೆಟ್ಟರೆ ಯಮ್ ಹಿಸ್ಟರಿಯಲ್ಲಿ ಅನ್‌ಡೂ ಇದೆ, ತೆಗೆದಿಟ್ಟ ಹಳೇ ಆರ್‌ಪಿಎಂ ಕೂಡ ಇದೆ.

ಹಾರ್ಟ್‌ಬ್ಲೀಡ್‌ನಂಥ ದೋಷ ಇದ್ದ ಸರ್ವರ್‌ನಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಪ್ಯಾಚ್ ಹಾಕಿದರೆ ತೂತು ಮುಚ್ಚುತ್ತದೆ, ಅಷ್ಟರೊಳಗೆ ಸೋರಿಹೋಗಿರಬಹುದಾದ ಕೀ ವಾಪಸ್ ಬರುವುದಿಲ್ಲ. ಹೊಸ ಪ್ರೈವೇಟ್ ಕೀ, ಹೊಸ ಸರ್ಟಿಫಿಕೇಟ್, ಹೊಸ ಪಾಸ್‌ವರ್ಡ್ ಮಾಡಿ, ಹಳೇ ಸರ್ಟಿಫಿಕೇಟನ್ನು ರದ್ದು ಮಾಡಿಸಿ.

"ಎಸ್‌ಎಸ್‌ಎಲ್ ಎರರ್ ಬರ್ತಿದೆ" ಅಂದ ಕೂಡಲೇ ಲೈಬ್ರರಿಗೆ ಕೈ ಹಾಕೋದೂ ಬೇಡ. 2021ರ ಸೆಪ್ಟೆಂಬರ್ 30ರಂದು, ಸೈಟುಗಳಿಗೆ ಉಚಿತ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅನ್ನೋ ಹಳೇ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. 1.0.2 ಇದ್ದ ಎಷ್ಟೋ ಮಷಿನ್‌ಗಳು ಅವತ್ತಿನಿಂದ ಹೊರಗಿನ ಸೈಟುಗಳಿಗೆ ಸೇರಲಾಗದೆ ನಿಂತವು. ಸೆಂಟ್‌ಒಎಸ್ 7ರಲ್ಲಿ ಅದಕ್ಕೆ ಬೇಕಾಗಿದ್ದು ಸಿಎ-ಸರ್ಟಿಫಿಕೇಟ್ಸ್ ಅನ್ನೋ ಪುಟ್ಟ ಪ್ಯಾಕೇಜಿನ ಅಪ್‌ಡೇಟ್ ಮಾತ್ರ. ಕೆಲವು ಸಲ ಅದೂ ಅಲ್ಲ, ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತು ತಾರೀಖು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ, ಅದಕ್ಕೇ ಎಲ್ಲ ಸರ್ಟಿಫಿಕೇಟೂ ತಪ್ಪು ಅನ್ನಿಸುತ್ತಿರುತ್ತದೆ. ಹಾಗೆಯೇ ಸರ್ಕಾರಿ ಪೋರ್ಟಲ್ ಟಿಎಲ್‌ಎಸ್ (ಎನ್‌ಕ್ರಿಪ್ಷನ್ ಮಾತುಕತೆಯ ನಿಯಮಾವಳಿ) 1.2 ಕೇಳುತ್ತದೆ, ಅದಕ್ಕೇ ಅಪ್‌ಗ್ರೇಡ್ ಬೇಕು ಅನ್ನುವವರಿದ್ದಾರೆ. 1.2 ಅನ್ನೋದು ಓಪನ್‌ಎಸ್‌ಎಸ್‌ಎಲ್ 1.0.1ರಿಂದಲೇ ಇದೆ. ಹೊಸ ಲೈಬ್ರರಿ ಬೇಕಾಗೋದು ಟಿಎಲ್‌ಎಸ್ 1.3ಕ್ಕೆ, ಅದು 2018ರಲ್ಲಿ ಬಂದ 1.1.1ರಿಂದ ಮುಂದೆ.

ಸರಿ, ಟಿಎಲ್‌ಎಸ್ 1.3 ನಿಜವಾಗಲೂ ಬೇಕು, ಇಲ್ಲವೇ ಡಿಸ್ಟ್ರೋ ಸತ್ತ ಮೇಲೆ ಬಂದ ಸಿವಿಇ ಕಾಡುತ್ತಿದೆ ಅಂದುಕೊಳ್ಳಿ. ಆಗ ಹೊಸದನ್ನು ಪಕ್ಕದಲ್ಲಿ ಇಡೋ ದಾರಿ. ಸೆಂಟ್‌ಒಎಸ್ 7ಕ್ಕೆ ಎಪೆಲ್ ಅನ್ನೋ ಹೆಚ್ಚುವರಿ ಪ್ಯಾಕೇಜುಗಳ ರೆಪೋದಲ್ಲಿ ಓಪನ್‌ಎಸ್‌ಎಸ್‌ಎಲ್11 ಅಂತ ಪ್ಯಾಕೇಜ್ ಬಂದಿದ್ದು ಹೀಗೆಯೇ. ಹಳೇ ಸೋನೇಮ್ 10, ಹೊಸದು 1.1, ಎರಡೂ ಒಂದೇ ಸಿಸ್ಟಮ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ನೀವೇ ಕಂಪೈಲ್ ಮಾಡುವುದಾದರೆ ಫೈಲು, ಸೆಟ್ಟಿಂಗ್ ಎಲ್ಲಿ ಕೂರಬೇಕು ಅಂತ ಹೇಳೋ ಪ್ರಿಫಿಕ್ಸ್ ಮತ್ತು ಓಪನ್‌ಎಸ್‌ಎಸ್‌ಎಲ್‌ಡಿರ್ ಎರಡನ್ನೂ ಆಪ್ಟ್ ಡೈರೆಕ್ಟರಿಯ ಒಳಗೆ ಬೇರೆ ಫೋಲ್ಡರ್‌ಗೆ ಕೊಡಿ. ಮೇಕ್ ಟೆಸ್ಟ್ ಪೂರ್ತಿ ಪಾಸಾಗಲಿ. ಸಿಸ್ಟಮ್ ಲೈಬ್ರರಿಗಳನ್ನು ಹುಡುಕೋ ಎಲ್‌ಡಿ ಕಾನ್ಫಿಗ್ ಪಟ್ಟಿಗೆ ಈ ಫೋಲ್ಡರ್ ಸೇರಿಸಬೇಡಿ. ಯಾವ ಪ್ರೋಗ್ರಾಮಿಗೆ ಹೊಸದು ಬೇಕೋ ಅದನ್ನು ಮಾತ್ರ ಇದಕ್ಕೆ ಸೇರಿಸಿ ಕಂಪೈಲ್ ಮಾಡಿ, ಆರ್‌ಪಾತ್ (ಲೈಬ್ರರಿ ಎಲ್ಲಿದೆ ಅಂತ ಪ್ರೋಗ್ರಾಮಿನೊಳಗೇ ಬರೆದಿಡೋ ದಾರಿ) ಕೊಡಿ. ಎನ್‌ಜಿನ್‌ಎಕ್ಸ್ ಆದರೆ ಕಾನ್ಫಿಗರ್ ಮಾಡುವಾಗಲೇ ಓಪನ್‌ಎಸ್‌ಎಸ್‌ಎಲ್ ಸೋರ್ಸ್‌ನ ದಾರಿ ತೋರಿಸಿದರೆ ಅದನ್ನು ತನ್ನೊಳಗೇ ಸೇರಿಸಿಕೊಳ್ಳುತ್ತದೆ. ಆಮೇಲೆ ಎಲ್‌ಡಿಡಿ ಹಾಕಿ, ಯಾವ ಪ್ರೋಗ್ರಾಮ್ ಯಾವ ಫೈಲ್ ಹಿಡಿದಿದೆ ಅಂತ ಕಣ್ಣಾರೆ ನೋಡಿ. ಹೊಸ ಫೋಲ್ಡರ್‌ನಲ್ಲಿ ರೂಟ್ ಸರ್ಟಿಫಿಕೇಟುಗಳು ಇರುವುದಿಲ್ಲ ಅನ್ನೋದು ನೆನಪಿರಲಿ. ಸಿಸ್ಟಮ್‌ನ ಸರ್ಟಿಫಿಕೇಟ್ ಬಂಡಲ್‌ಗೆ ಅಲ್ಲಿಂದ ಒಂದು ಲಿಂಕ್ ಹಾಕದಿದ್ದರೆ ಯಾವ ಸೈಟನ್ನೂ ಅದು ನಂಬುವುದಿಲ್ಲ. ವರ್ಷನ್ ಆರಿಸುವಾಗ ಬೆಂಬಲ ಎಲ್ಲಿವರೆಗಿದೆ ನೋಡಿ. 1.1.1ರದ್ದು 2023ರ ಸೆಪ್ಟೆಂಬರ್ 11ಕ್ಕೆ ಮುಗಿದಿದೆ, 3.0ರದ್ದು 2026ರ ಸೆಪ್ಟೆಂಬರ್ 7ರವರೆಗೆ, 3.5ರದ್ದು 2030ರ ಏಪ್ರಿಲ್‌ವರೆಗೆ. ಹೀಗೆ ಕೈಯಾರೆ ಹಾಕಿದ್ದನ್ನು ಯಮ್ ಎಂದೂ ಅಪ್‌ಡೇಟ್ ಮಾಡುವುದಿಲ್ಲ, ಮುಂದಿನ ಪ್ರತಿ ಸಿವಿಇಗೂ ನೀವೇ ಮತ್ತೆ ಕಂಪೈಲ್ ಮಾಡಬೇಕು.

ಅದಕ್ಕೇ ನನಗೆ ಇದಕ್ಕಿಂತ ಇಷ್ಟವಾಗೋದು ಇನ್ನೊಂದು ದಾರಿ. ಒಂದು ಸಣ್ಣ ಹೊಸ ಮಷಿನ್ ತನ್ನಿ, ಅಲ್ಮಾಲಿನಕ್ಸ್ 9 ಅಥವಾ ಹೊಸ ಡೆಬಿಯನ್ ಹಾಕಿ, ಅದರಲ್ಲಿ ಎನ್‌ಜಿನ್‌ಎಕ್ಸ್ ಅಥವಾ ಎಚ್‌ಎಪ್ರಾಕ್ಸಿ ಓಡಿಸಿ. ಹೊರಗಿನ ಜಗತ್ತಿನ ಜೊತೆ ಎನ್‌ಕ್ರಿಪ್ಷನ್ ಮಾತುಕತೆಯೆಲ್ಲ ಅದರದ್ದು. ಹಳೇ ಸರ್ವರ್ ಅದರ ಹಿಂದೆ, ಆ ಒಂದು ಮಷಿನ್‌ಗೆ ಬಿಟ್ಟು ಬೇರೆ ಯಾರಿಗೂ ಪೋರ್ಟ್ ತೆರೆಯದ ಹಾಗೆ ಫೈರ್‌ವಾಲ್ ಹಾಕಿಕೊಂಡು ಇರಲಿ. ಹಳೇ ಬಿಲ್ಲಿಂಗ್ ಪ್ರೋಗ್ರಾಮ್ ಬರೆದವರು ಈಗ ಸಿಗುವುದಿಲ್ಲ, ಅದನ್ನು ಮುಟ್ಟೋಕೆ ಧೈರ್ಯ ಸಾಲದು ಅನ್ನೋ ಕಡೆಗೆಲ್ಲ ಇದು ಚೆನ್ನಾಗಿ ಹೊಂದುತ್ತದೆ. ಲೈಬ್ರರಿಯ ಒಂದು ಫೈಲನ್ನೂ ಕದಲಿಸಬೇಕಾಗಿಲ್ಲ.

ಇಷ್ಟಾದರೂ ಅದು ಸಮಯ ಕೊಂಡುಕೊಂಡ ಹಾಗೆ, ಅಷ್ಟೇ. ಆ ಸಮಯದಲ್ಲಿ ಹೊಸ ಸಿಸ್ಟಮ್‌ಗೆ ಹೋಗೋ ಕೆಲಸ ಶುರು ಮಾಡಿ. ಸೆಂಟ್‌ಒಎಸ್ 7ನ್ನು ಇದ್ದಲ್ಲೇ ಅಲ್ಮಾಲಿನಕ್ಸ್ 8ಕ್ಕೆ ಏರಿಸೋಕೆ ಎಲಿವೇಟ್ ಅನ್ನೋ ಸಾಧನ ಇದೆ, ಮೊದಲು ಡಿಸ್ಕಿನ ಒಂದು ನಕಲಿನ ಮೇಲೆ ಓಡಿಸಿ ನೋಡಿ. ನನ್ನ ಅಭಿಪ್ರಾಯದಲ್ಲಿ ಬೇರೆ ಮಷಿನ್‌ನಲ್ಲಿ ಹೊಸದಾಗಿ ಹಾಕಿ, ಡೇಟಾ ತಂದು, ಒಂದೆರಡು ವಾರ ಎರಡನ್ನೂ ಜೊತೆಗೆ ಓಡಿಸಿ ಲೆಕ್ಕ ತಾಳೆ ನೋಡಿ ಬದಲಾಯಿಸೋದು ಒಳ್ಳೆಯದು. ಹಳೇ ಡಬ್ಬವನ್ನು ಗುಜರಿಗೆ ಕೊಡೋ ಮುಂಚೆ ಅದರ ಡಿಸ್ಕಿನಲ್ಲಿರೋ ಎಸ್‌ಎಸ್‌ಎಚ್ ಕೀ, ಸರ್ಟಿಫಿಕೇಟಿನ ಪ್ರೈವೇಟ್ ಕೀ, ಡೇಟಾಬೇಸ್ ಡಂಪ್ ಎಲ್ಲ ಅಳಿಯೋ ಹಾಗೆ ಡಿಸ್ಕನ್ನು ಪೂರ್ತಿ ಓವರ್‌ರೈಟ್ ಮಾಡಿ, ಆಮೇಲೆ ಕೊಡಿ.